ರಿಗ್ಗೈಯ ನೀಲಿ ನಲ್ಲಿ, ಕೊರಿಯಾದ ಒಂದು ಸ್ಟಿಲ್

ರಿಗ್ಗೈ, ಬಂದಿಳಿದ ಬೆಳಿಗ್ಗೆ

ಕುವೈತ್‌ನಲ್ಲಿ ನಾನು ಮಾಡಿದ ಮೊದಲ ಕೆಲಸ ಕಿರುಚಿದ್ದು. ಎದುರು ಮನೆಯ ಈಜಿಪ್ಟಿನವರು ಬಾಗಿಲು ತೆರೆದು ನೋಡಿದರಂತೆ. ತಪ್ಪು ನನ್ನದಲ್ಲ. ನಲ್ಲಿಗೆ ನೀಲಿ ಗುರುತಿದ್ದರೆ ತಣ್ಣೀರು, ಕೆಂಪು ಗುರುತಿದ್ದರೆ ಬಿಸಿನೀರು ಎಂದು ಇಡೀ ಪ್ರಪಂಚ ಒಪ್ಪಿಕೊಂಡಿದೆ ಅಂದುಕೊಂಡಿದ್ದೆ. ಜುಲೈ ತಿಂಗಳು, ವಿಮಾನದಲ್ಲಿ ಕೂತು ಕೂತು ಸೊಂಟ ಹಿಡಿದಿತ್ತು. ಹಾಯಾಗಿ ನಾಲ್ಕು ಚೊಂಬು ತಣ್ಣೀರು ಹುಯ್ದುಕೊಳ್ಳೋಣವೆಂದು ನೀಲಿ ನಲ್ಲಿ ತಿರುಗಿಸಿ ಕೈಯೊಡ್ಡಿದೆ. ಅಯ್ಯಯ್ಯೋ, ಅನ್ನಕ್ಕಿಟ್ಟ ಎಸರು!

"ದೊಡ್ಡಮ್ಮಾ, ನೀಲಿ ಮುಟ್ಬೇಡಿ! ಕೆಂಪು ತಿರುಗ್ಸಿ, ಕೆಂಪು!" ಎಂದು ಹೊರಗಿನಿಂದ ಸುಮಾ ಕೂಗಿದಳು. ಸುಮಾ ನನ್ನ ತಂಗಿಯ ಮಗಳು, ಇಲ್ಲಿ ಬ್ಯಾಂಕೊಂದರಲ್ಲಿ ಕೆಲಸ, ಮನೆ ರಿಗ್ಗೈ ಬಡಾವಣೆಯಲ್ಲಿ.

"ಒಂದು ಕೈ ಬೆಂದಾಯ್ತು, ಇನ್ನೊಂದನ್ನೂ ಬೇಯಿಸ್ಬೇಕೇನೇ?" ಎಂದೆ.

ಆದರೆ ಕೆಂಪು ನಲ್ಲಿಯಲ್ಲಿ ಬಂದದ್ದು ತಣ್ಣೀರೇ. ತಿಂಡಿಗೆ ಕೂತಾಗ ಸುಮಾಳ ಗಂಡ ರಮೇಶ ಅದನ್ನು ಬಿಡಿಸಿ ಹೇಳಿದ. ಅವನು ಎಂಜಿನಿಯರು, ಉಪ್ಪಿಟ್ಟು ಬಡಿಸಿದರೂ ಅದರ ಮೇಲೆ ಚಮಚದಲ್ಲಿ ನಕ್ಷೆ ಗೀಚಿ ವಿವರಿಸುತ್ತಾನೆ.

"ದೊಡ್ಡಮ್ಮ, ಟ್ಯಾಂಕ್ ಟೆರೇಸ್ ಮೇಲಿದೆ. ಬೇಸಿಗೇಲಿ ಕುದಿಯುತ್ತೆ. ಅದಕ್ಕೇ ಇಲ್ಲಿ ಬೇಸಿಗೆ ಬಂದ್ರೆ ಎಲ್ರೂ ಗೀಸರ್ ಆಫ್ ಮಾಡಿಬಿಡ್ತೀವಿ. ಅದರೊಳಗಿನ ನೀರು ಎಸಿ ತಂಪಿಗೆ ತಣ್ಣಗಾಗಿ ನಿಂತಿರುತ್ತೆ. ಆದ್ರೆ ಹುಷಾರು, ಒಬ್ಬರ ಸ್ನಾನಕ್ಕಷ್ಟೇ ಬರೋದು. ಅಷ್ಟು ಖಾಲಿಯಾದ್ರೆ ಹಿಂದಿನಿಂದ ಟೆರೇಸಿಂದೇ ಬರುತ್ತೆ. ಖಲಾಸ್."

ತಣ್ಣೀರಿಗೆ ಗೀಸರ್ ಇಟ್ಟುಕೊಂಡ ಊರು ಎಂದು ನಾನು ನಕ್ಕೆ. ನಗುವ ಭರದಲ್ಲಿ ಅವನ ಕೊನೆಯ ಎರಡು ಮಾತು ತಲೆಗೆ ಇಳಿಯಲಿಲ್ಲ. ಆ ಎರಡು ಮಾತು ಸರಿಯಾಗಿ ಕೇಳಿಸಿಕೊಂಡಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ನನ್ನ ಪರಿಚಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ತಿಪಟೂರಿನ ಸ್ಟೇಷನ್ ರಸ್ತೆಯಲ್ಲಿ ನಮ್ಮ ಯಜಮಾನರದು ಫೋಟೋ ಸ್ಟುಡಿಯೋ ಇತ್ತು. ಫೋಟೋ ಹೊಡೆಯುವುದು ಅವರು, ಮಿಕ್ಕಿದ್ದು ನಾನು. ಮಿಕ್ಕಿದ್ದು ಅಂದರೆ ಪ್ರಿಂಟ್ ತೊಳೆಯುವುದು, ಒಣಗಿಸುವುದು, ಆಮೇಲೆ ಟಚಿಂಗ್. ಸಿಡುಬಿನ ಕಲೆ ಅಳಿಸುವುದು, ಹುಡುಗಿಯ ಫೋಟೋ ಗಂಡಿನ ಮನೆಗೆ ಹೋಗುವ ಮುಂಚೆ ಮೂಗನ್ನು ಒಂದಿಷ್ಟು ತಿದ್ದುವುದು, ಕಣ್ಣು ಮುಚ್ಚಿದವರಿಗೆ ಕಣ್ಣು ಬರೆಯುವುದು. ಒಬ್ಬ ಸಾಹುಕಾರರಿಗೆ ನಾನು ಬರೆದ ಕಣ್ಣು ಎಷ್ಟು ಹಿಡಿಸಿತೆಂದರೆ, ಮುಂದಿನ ಸಲ ಬಂದಾಗ ಅವರೇ ಕಣ್ಣು ಮುಚ್ಚಿಕೊಂಡು ಕೂತರು.

ಇನ್ನೊಂದು ಕೆಲಸವೂ ಇತ್ತು, ಅದನ್ನು ಬೋರ್ಡಿನ ಮೇಲೆ ಬರೆಸಿರಲಿಲ್ಲ. ಮದುವೆಯಲ್ಲಿ ಗ್ರೂಪ್ ಫೋಟೋ ಆದ ಮೇಲೆ ಜಗಳವಾಗಿ ಯಾರಾದರೊಬ್ಬರು ಬೇಡವಾಗುತ್ತಿದ್ದರು. "ಅಕ್ಕಾವ್ರೇ, ಆ ಮನುಷ್ಯನ್ನ ತೆಗೆದ್ಬಿಡಿ" ಎಂದು ಬಂದು ನಿಲ್ಲುತ್ತಿದ್ದರು. ನಾನು ಬೂದು ಬಣ್ಣ ಕಲಸಿ ಆ ಮನುಷ್ಯನ ಮೇಲೊಂದು ಪರದೆ ಇಳಿಬಿಡುತ್ತಿದ್ದೆ, ನೆರಿಗೆ ಸಮೇತ. ನಮ್ಮ ಕಡೆಯ ಎಷ್ಟೋ ಮದುವೆ ಫೋಟೋಗಳಲ್ಲಿ ಒಂದು ಪರದೆಯಿದೆ, ಪರದೆಯ ಹಿಂದೆ ಒಬ್ಬ ಚಿಕ್ಕಪ್ಪ ನಿಂತಿದ್ದಾನೆ.

ಸುಮಾಳ ಹಾಲಿನಲ್ಲಿ, ಟಿವಿಯ ಮೇಲ್ಗಡೆ, ಅವಳ ಅಪ್ಪ ಅಮ್ಮನ ಮದುವೆಯ ಗ್ರೂಪ್ ಫೋಟೋ ಇತ್ತು. ತಿಪಟೂರಿನಿಂದ ಸೀರೆಯಲ್ಲಿ ಸುತ್ತಿ ತಂದಿದ್ದಳು. ಬಲತುದಿಯಲ್ಲಿ ಪರದೆ. ನನ್ನದೇ ಕೈಕೆಲಸ. ಅದರ ಹಿಂದೆ ನಮ್ಮ ಚಂದ್ರು ಚಿಕ್ಕಪ್ಪ. ಮದುವೆಯ ದಿನ ಎಲ್ಲರಿಗೂ ಕಾಫಿ ಕೊಟ್ಟರು, ತನಗೊಬ್ಬನಿಗೇ ಕೊಡಲಿಲ್ಲ ಎಂದು ರಂಪ ಮಾಡಿ ಊಟಕ್ಕೂ ನಿಲ್ಲದೆ ಹೊರಟುಹೋದರು. "ಅವನು ನನ್ನ ಪಾಲಿಗೆ ಇಲ್ಲ" ಎಂದರು ಅಪ್ಪ. ನಾನು ಚಿಕ್ಕಪ್ಪನ ಮುಖವಷ್ಟೇ ಗುರುತು ಹಿಡಿದು, ಬೇರೇನೂ ನೋಡದೆ ಬಣ್ಣ ಕಲಸಿದೆ. ಚಿಕ್ಕಪ್ಪ ಮತ್ತೆ ಬರಲಿಲ್ಲ, ಅಪ್ಪನೂ ಕರೆಯಲಿಲ್ಲ, ಈಗ ಇಬ್ಬರೂ ಇಲ್ಲ.

"ಅಜ್ಜಿ, ದಟ್ ಕರ್ಟನ್ ಈಸ್ ಸೋ ಪ್ರೆಟಿ" ಎಂದಳು ಸುಮಾಳ ಮಗಳು ಅನನ್ಯ. ಹದಿನೈದು ವರ್ಷದ ಹುಡುಗಿ, ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹೊಗಳಿಕೆ ನನಗಲ್ಲವೇ, ಸುಮ್ಮನೆ ತಲೆಯಾಡಿಸಿದೆ.

ನಾಲ್ಕನೇ ಮಹಡಿ

ಈ ಅನನ್ಯಾಗೆ ಕೊರಿಯಾದ ಸೀರಿಯಲ್ಲುಗಳ ಹುಚ್ಚು. ನೋಡಿ ನೋಡಿ ಆ ಭಾಷೆಯನ್ನೇ ಕಲಿತುಬಿಟ್ಟಿದ್ದಾಳೆ. ಅವಳ ಪುಣ್ಯಕ್ಕೆ ಮೇಲಿನ ಮಹಡಿಯಲ್ಲಿ ನಿಜವಾದ ಕೊರಿಯಾದವರೇ ಒಬ್ಬರಿದ್ದರು. ಹೆಸರು ಚೋಯ್, ಎಪ್ಪತ್ತು ದಾಟಿದ ಗಟ್ಟಿ ಆಳು. ಹುಡುಗನಾಗಿದ್ದಾಗ ವೆಲ್ಡಿಂಗ್ ಕೆಲಸಕ್ಕೆಂದು ಬಂದವರು, ಫೋರ್‌ಮನ್ ಆಗಿ, ಆಮೇಲೆ ಸ್ಟೋರ್ ನೋಡಿಕೊಂಡು ಇಲ್ಲೇ ಮುದುಕರಾದರು. ಇಕಾಮಾ, ಅಂದರೆ ಇಲ್ಲಿರಲು ಕೊಡುವ ಪರವಾನಗಿ, ಮುಗಿಯುತ್ತ ಬಂದಿತ್ತು, ಆ ಶುಕ್ರವಾರ ಶಾಶ್ವತವಾಗಿ ಊರಿಗೆ ಹೊರಡುವವರಿದ್ದರು.

ಅನನ್ಯ ಅವರೊಂದಿಗೆ ಮೊದಲ ಸಲ ಕೊರಿಯನ್ ಮಾತಾಡಿದಾಗ ಅವರು ಲಿಫ್ಟಿನಲ್ಲೇ ಕೂತು ನಕ್ಕರಂತೆ. ಪಾಪ, ಅವಳು ಕಲಿತದ್ದೆಲ್ಲ ಸೀರಿಯಲ್ಲಿನ ಮಾತು. "ಮೇಲೆ ಹೋಗ್ತಾ ಇದೀರಾ ತಾತ?" ಎಂದು ಕೇಳುವ ಬದಲು "ನನ್ನನ್ನು ಹೀಗೆ ಬಿಟ್ಟು ಹೋಗಬೇಡಿ" ಅಂದಿದ್ದಳು.

ಸೋಮವಾರ ಸಂಜೆ ಅವಳೇ ನನ್ನನ್ನು ಎಳೆದುಕೊಂಡು ಮೇಲೆ ಹೋದಳು. ಚಪ್ಪಲಿ ಹೊರಗೆ ಬಿಡುವ ಮನೆ, ನನಗೆ ಖುಷಿಯಾಯಿತು. ಚೋಯ್ ಅವರು ಎರಡೂ ಕೈಯಲ್ಲಿ ಲೋಟ ಹಿಡಿದು ತಲೆ ಬಾಗಿಸಿ ಕೊಟ್ಟರು. ಕುಡಿದು ನೋಡಿದರೆ ಬಾರ್ಲಿ ನೀರು! ನಮ್ಮಲ್ಲಿ ಕಾಲು ಊದಿಕೊಂಡವರಿಗೆ ಕೊಡುವುದನ್ನು ಅವರು ನೆಂಟರಿಗೆ ಕೊಡುತ್ತಾರೆ. ನನ್ನ ಕಾಲು ನೋಡಿಯೇ ಕೊಟ್ಟರೇನೋ ಎಂದು ಒಂದು ಕ್ಷಣ ಸೀರೆ ಇಳಿಬಿಟ್ಟುಕೊಂಡೆ.

ನಾವಿಬ್ಬರೂ ಮಾತಾಡಿದ್ದು ಹಿಂದಿಯಲ್ಲಿ. ಅವರದು ಜೊತೆಗೆಲಸದವರಿಂದ ಕಲಿತದ್ದು, ನನ್ನದು ಟಿವಿಯಿಂದ ಕಲಿತದ್ದು. ಹಿಂದಿಯವರು ಯಾರಾದರೂ ಅಲ್ಲಿದ್ದಿದ್ದರೆ ಎದ್ದು ಹೋಗುತ್ತಿದ್ದರು. ನಮಗೆ ಮಾತ್ರ ಒಬ್ಬರದೊಬ್ಬರಿಗೆ ಚೆನ್ನಾಗಿ ತಿಳಿಯುತ್ತಿತ್ತು.

ಗೋಡೆಯುದ್ದಕ್ಕೂ ರಟ್ಟಿನ ಪೆಟ್ಟಿಗೆಗಳು. ಅದರಲ್ಲೊಂದನ್ನು ತೆರೆದು ಒಂದು ಕಟ್ಟು ಫೋಟೋ ತೆಗೆದರು. ಕಪ್ಪು ಬಿಳುಪು, ದೊಡ್ಡ ಸೈಜು, ನಾಲ್ಕೂ ಮೂಲೆಯಲ್ಲಿ ಪಿನ್ನಿನ ತೂತು. ನೋಡಿದ ಕೂಡಲೇ ಗೊತ್ತಾಯಿತು, ಸಿನಿಮಾ ಸ್ಟಿಲ್ಲುಗಳು! ನಮ್ಮ ಟಾಕೀಸುಗಳ ಹೊರಗೂ ಗಾಜಿನ ಪೆಟ್ಟಿಗೆಯಲ್ಲಿ ಹೀಗೇ ಚುಚ್ಚಿರುತ್ತಿದ್ದರಲ್ಲ, ಒಳಗೆ ಹೋಗಲು ಕಾಸಿಲ್ಲದವರು ಅದನ್ನೇ ನೋಡಿ ಕಥೆ ಕಟ್ಟಿಕೊಂಡು ಮನೆಗೆ ಹೋಗುತ್ತಿದ್ದರಲ್ಲ, ಅವೇ. ಚೋಯ್ ಅವರು ಬಂದ ಹೊಸತರಲ್ಲಿ ಮಂಗಫ್ ಕಡೆಯ ಕ್ಯಾಂಪಿನಲ್ಲಿ ಕೊರಿಯಾದ ಕೆಲಸಗಾರರು ವಾರಕ್ಕೊಮ್ಮೆ ಬಿಳಿ ಬಟ್ಟೆ ಕಟ್ಟಿ ಸಿನಿಮಾ ನೋಡುತ್ತಿದ್ದರಂತೆ. ಕ್ಯಾಂಪ್ ಮುಚ್ಚಿದಾಗ ಈ ಸ್ಟಿಲ್ಲುಗಳು ಯಾರಿಗೂ ಬೇಡವಾದವು. ಇವರು ಎತ್ತಿಟ್ಟುಕೊಂಡರು. ಅವರ ಕಡೆ ಹಳೆಯ ಸಿನಿಮಾಗಳು ಎಷ್ಟೋ ಹಾಳಾಗಿ, ರೀಲಿನ ಒಂದು ತುಂಡೂ ಉಳಿದಿಲ್ಲವಂತೆ. ಉಳಿದದ್ದು ಇಂಥ ಸ್ಟಿಲ್ಲು ಮಾತ್ರ.

ನಾನು ರೂಢಿಯಂತೆ ಹೀರೋಯಿನ್ ಮುಖ ನೋಡಿ, "ಹುಬ್ಬು ಇವಳದಲ್ಲ, ಬರೆದಿದ್ದು" ಎಂದೆ. ಚೋಯ್ ಕೈಯಾಡಿಸಿದರು.

"ಮೇಡಂ, ಹೀರೋಯಿನ್ ಛೋಡೋ. ಪೀಛೆ ದೇಖೋ."

ಹಿಂದುಗಡೆ ನೋಡಬೇಕಂತೆ. ನೋಡಿದೆ. ಒಂದರಲ್ಲಿ ಹೀರೋ ಅಳುತ್ತಿದ್ದಾನೆ, ಅವನ ಹಿಂದೆ ಮೆಟ್ಟಿಲ ಮೇಲೆ ಬಿಳಿ ರಬ್ಬರಿನ ಚಪ್ಪಲಿಗಳ ಸಾಲು. ಇನ್ನೊಂದರಲ್ಲಿ ಮದುವೆಯ ಮಾತುಕತೆ, ಮೂಲೆಯಲ್ಲಿ ಮುದುಕಿಯೊಬ್ಬಳು ನೆಲದಡಿಯ ಒಲೆಗೆ ಸೌದೆ ಒಟ್ಟುತ್ತಿದ್ದಾಳೆ. ಅವರ ಮನೆಗಳಲ್ಲಿ ನೆಲವನ್ನೇ ಬಿಸಿ ಮಾಡಿಕೊಂಡು ಮಲಗುತ್ತಿದ್ದರಂತೆ. ಮತ್ತೊಂದರಲ್ಲಿ ಬೆಟ್ಟದಷ್ಟು ಎಲೆಕೋಸು, ಸುತ್ತ ಊರಿನ ಹೆಂಗಸರು. ಚಳಿಗಾಲಕ್ಕೆ ಉಪ್ಪಿನಕಾಯಿ ಹಾಕುವ ದಿನವಂತೆ. ಕಥೆ ಏನು, ಹೀರೋ ಯಾರು ಎಂದು ಅವರಿಗೇ ನೆನಪಿರಲಿಲ್ಲ. ಚಪ್ಪಲಿ ಬಿಡುವ ಕಲ್ಲು ಯಾವ ಕಡೆಗಿತ್ತು, ಭರಣಿಗೆ ಕಟ್ಟುವ ಹುಲ್ಲಿನ ಹಗ್ಗ ಎಷ್ಟು ಸುತ್ತು, ಎಲ್ಲ ಬಾಯಿಪಾಠ.

ಕೊನೆಗೆ ಟವೆಲ್ಲಿನಲ್ಲಿ ಸುತ್ತಿಟ್ಟಿದ್ದ ಒಂದು ಫ್ರೇಮು ತಂದರು. ಸಾಮಾನು ಕಟ್ಟುವಾಗ ಕೈಜಾರಿ ಬಿದ್ದು ಗಾಜು ಒಡೆದಿತ್ತು. ಒಡೆದ ಗಾಜಿಗೆ ಫೋಟೋ ಅಂಟಿಕೊಂಡುಬಿಟ್ಟಿತ್ತು. ಅಂಗಳದಲ್ಲಿ ಹೀರೋ, ಹೀರೋಯಿನ್, ಎಡಗಡೆ ಸಾಲಾಗಿ ಭರಣಿಗಳು, ಹಿಂದೆ ಬೂದು ಗೋಡೆ.

"ಏ ಮೇರಾ ಮಾ ಕಾ ಫೋಟೋ" ಎಂದರು. ಆಮೇಲೆ ನಿಧಾನವಾಗಿ, "ಲೇಕಿನ್ ಮಾ ನಹೀ ಹೈ."

ತಾಯಿಯ ಫೋಟೋ ಹೌದು, ತಾಯಿ ಮಾತ್ರ ಅದರಲ್ಲಿಲ್ಲ. ಇದೆಂಥ ಫೋಟೋ!

ಫರ್ವಾನಿಯಾ, ಬ್ಲಾಟಿಂಗ್ ಪೇಪರಿನ ಬೇಟೆ

ಗಾಜಿಗಂಟಿದ ಫೋಟೋ ಬಿಡಿಸುವುದು ನನಗೆ ಹೊಸತಲ್ಲ. ತಣ್ಣೀರಿನಲ್ಲಿ ನೆನೆಹಾಕಿ ಕಾದರೆ ತಾನೇ ಬಿಡುತ್ತದೆ, ಆಮೇಲೆ ಬ್ಲಾಟಿಂಗ್ ಪೇಪರಿನ ನಡುವೆ ಒಣಗಿಸಬೇಕು. "ನಾನು ಬಿಡಿಸಿಕೊಡ್ತೀನಿ" ಎಂದು ಹೇಳಿಬಿಟ್ಟಿದ್ದೆ. ಹೇಳುವಾಗ ಸ್ವಲ್ಪ ಜಂಬವೂ ಇತ್ತು.

ಮಂಗಳವಾರ ಬ್ಲಾಟಿಂಗ್ ಪೇಪರ್ ಹುಡುಕಲು ಚೋಯ್ ಅವರೇ ನನ್ನನ್ನು ಫರ್ವಾನಿಯಾ ಪೇಟೆಗೆ ಕರೆದುಕೊಂಡು ಹೋದರು. ಅಂಗಡಿಗಳಲ್ಲಿ ಸಿಗದ ವಸ್ತುವಿಲ್ಲ, ಬ್ಲಾಟಿಂಗ್ ಪೇಪರ್ ಒಂದನ್ನು ಬಿಟ್ಟು. ಒಬ್ಬ ಟಿಶ್ಯೂ ಕೊಟ್ಟ, ಇನ್ನೊಬ್ಬ ಸಮೋಸದ ಎಣ್ಣೆ ಹೀರುವ ಕಾಗದ ಕೊಟ್ಟ. ಒಂದು ಫೋಟೋ ಸ್ಟುಡಿಯೋ ಕಂಡು ಒಳಗೆ ನುಗ್ಗಿದೆ. ಅಲ್ಲಿನವನು ನನ್ನ ಮುಖವನ್ನೂ ಮಾತನ್ನೂ ನೋಡಿ ಪಾಸ್‌ಪೋರ್ಟ್ ಫೋಟೋ ಬೇಕೇನೋ ಎಂದುಕೊಂಡು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಫ್ಲ್ಯಾಶ್ ಹೊಡೆದೇಬಿಟ್ಟ. ಹೊರಗೆ ಬರುವಾಗ ನನ್ನ ಕೈಯಲ್ಲಿ ನನ್ನದೇ ಎಂಟು ಫೋಟೋ. ಒಂದರಲ್ಲೂ ಟಚಿಂಗ್ ಇಲ್ಲ, ಇದ್ದಬದ್ದ ಸುಕ್ಕೆಲ್ಲ ಹಾಗೇ ಇತ್ತು.

ಕೊನೆಗೆ ಕ್ಯಾಲಿಗ್ರಫಿ ಸಾಮಾನಿನ ಅಂಗಡಿಯಲ್ಲಿ ಬ್ಲಾಟಿಂಗ್ ಪೇಪರ್ ಸಿಕ್ಕಿತು. ದಣಿದು ಚಹಾ ಅಂಗಡಿಯೊಂದರ ಎಸಿಯಲ್ಲಿ ಕೂತೆವು. ಅಲ್ಲಿ ಚೋಯ್ ಅವರು ತಾಯಿಯ ವಿಷಯ ಹೇಳಿದರು.

ಅವರಿಗೆ ಆರು ವರ್ಷವಿದ್ದಾಗ ಊರಿಗೆ ಸಿನಿಮಾದವರು ಬಂದಿದ್ದರಂತೆ. ಹಿಂದೆ ನಿಲ್ಲಲು ನಾಲ್ಕು ಹೆಂಗಸರು ಬೇಕೆಂದಾಗ ತಾಯಿ ಹೋದಳು. ಇಡೀ ದಿನ ನಿಂತು ಬಂದಳು. ಸಿನಿಮಾ ಪಕ್ಕದ ಊರಿನ ಟಾಕೀಸಿಗೆ ಬಂದು ಹೋಗುವಾಗ ಟಾಕೀಸಿನವನನ್ನು ಕಾಡಿ ಬೇಡಿ ಈ ಸ್ಟಿಲ್ ತಂದಳು. ಗೋಡೆಗೆ ಹಾಕಿ, ಬಂದವರಿಗೆಲ್ಲ ಭರಣಿಗಳ ಪಕ್ಕದ ಖಾಲಿ ಗೋಡೆಯ ಮೇಲೆ ಬೆರಳಿಟ್ಟು "ನಾನು ಇಲ್ಲಿದ್ದೆ" ಎನ್ನುತ್ತಿದ್ದಳು. ಜನ ಮುಸಿಮುಸಿ ನಗುತ್ತಿದ್ದರು. ಚೋಯ್ ಅವರ ಅಣ್ಣನಂತೂ ತಾಯಿ ಅಡಿಗೆಮನೆಯಿಂದ ಬಂದರೆ "ಸಿನಿಮಾ ನಟಿ ಬಂದಳು" ಎಂದು ಎದ್ದು ನಿಲ್ಲುತ್ತಿದ್ದ. ಅದೊಂದು ಮಾತಿಗೆ ಅಣ್ಣತಮ್ಮ ಎಷ್ಟು ಸಲ ಹೊಡೆದಾಡಿದರೋ ಲೆಕ್ಕವಿಲ್ಲ.

"ಮೈ ಬೋಲಾ, ಮಾ ಸಚ್ ಬೋಲ್ತಾ" ಎಂದರು. ಅಮ್ಮ ಹೇಳುವುದು ನಿಜ ಎಂದು ಇವರ ವಾದ. ಲೋಟ ತಿರುಗಿಸುತ್ತ ಕೂತು, ಆಮೇಲೆ ಅನ್ನಲೋ ಬೇಡವೋ ಎಂಬಂತೆ, "ಬಾದ್ ಮೇ ಮೈ ಭೀ ನಹೀ ಮಾನಾ" ಎಂದರು. ದೊಡ್ಡವರಾದ ಮೇಲೆ ಇವರೂ ನಂಬಲಿಲ್ಲ.

ಕುವೈತ್‌ಗೆ ಬಂದ ಎರಡನೇ ವರ್ಷ ತಾಯಿ ಹೋದಳು. ಇವರು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಗೋಡೆಯ ಮೇಲಿದ್ದ ಈ ಸ್ಟಿಲ್ ಇಳಿಸಿಕೊಂಡು ವಾಪಸ್ ಬಂದರು. ಬಡವರ ಮನೆ, ತಾಯಿಯದು ಬೇರೆ ಒಂದು ಫೋಟೋ ಇಲ್ಲ. ಬರಬರುತ್ತ ಮುಖ ಮರೆಯುತ್ತಿದೆ ಎಂದರು. ಕಣ್ಣು ನೆನಪಿಗೆ ಬಂದರೆ ಬಾಯಿ ಬರುವುದಿಲ್ಲವಂತೆ. ಊರಿನಲ್ಲಿ ಹಳೆಯ ಸಿನಿಮಾ ಸಾಮಾನು ಜೋಪಾನ ಮಾಡುವವರು ಈ ಸ್ಟಿಲ್ ಕೇಳಿದ್ದರು. ಆ ಸಿನಿಮಾದ್ದು ಬೇರೇನೂ ಸಿಕ್ಕಿಲ್ಲವಂತೆ. ತಾಯಿ ಬೆರಳಿಟ್ಟ ಗೋಡೆಯನ್ನಾದರೂ ನೆಟ್ಟಗೆ ಊರು ಮುಟ್ಟಿಸಬೇಕು ಎಂಬುದು ಅವರ ಆಸೆ. ನನ್ನ ಜಂಬವೆಲ್ಲ ಇಳಿದು, ಹೆದರಿಕೆ ಶುರುವಾಯಿತು.

ಬುಧವಾರ, ಬಚ್ಚಲು

ಬುಧವಾರ ಮಧ್ಯಾಹ್ನ ಸುಮಾಳ ಬಾತ್‌ಟಬ್ಬಿನೊಳಗೆ ಅವಳ ಕೇಕಿನ ಟ್ರೇ ಇಟ್ಟು, ಗಾಜಿನ ಸಮೇತ ಫೋಟೋ ಮಲಗಿಸಿದೆ. ನಾನೇನು ದಡ್ಡಿಯೇ, ನೀಲಿ ನಲ್ಲಿ ಮುಟ್ಟಲಿಲ್ಲ. ಕೆಂಪು ನಲ್ಲಿ ತಿರುಗಿಸಿ ಮೊಣಕೈ ಅದ್ದಿ ನೋಡಿದೆ. ಹಿತವಾದ ತಣ್ಣೀರು. ನಮ್ಮ ಡಾರ್ಕ್‌ರೂಮಿನ ಪದ್ಧತಿಯಂತೆ ನೂಲಿನಷ್ಟು ಸಣ್ಣ ಧಾರೆ ಬಿಟ್ಟೆ. ಪ್ರಿಂಟ್ ತೊಳೆಯುವುದೆಂದರೆ ಹಾಗೇ, ಸಣ್ಣಗೆ ನೀರು ಹರಿಯಲು ಬಿಟ್ಟು ಅದರ ಪಾಡಿಗೆ ಅದನ್ನು ಬಿಡಬೇಕು. ಪಕ್ಕದಲ್ಲಿ ಕೂತು ಪೀಡಿಸಬಾರದು. ನಲವತ್ತು ವರ್ಷ ಹೀಗೇ ಮಾಡಿದ್ದೇನೆ, ಬಾಗಿಲು ಮುಂದೆ ಮಾಡಿ ಹಾಲಿಗೆ ಬಂದೆ.

ಹಾಲಿನಲ್ಲಿ ಚೋಯ್ ಅವರು ಒಂದು ಡಬ್ಬಿ ಹಿಡಿದು ಕೂತಿದ್ದರು. ನನಗಾಗಿ ಮೀನಿಲ್ಲದೆ ಮಾಡಿದ ಎಲೆಕೋಸಿನ ಉಪ್ಪಿನಕಾಯಿ. ನಾನು ತಿಪಟೂರಿನಿಂದ ತಂದ ನಿಂಬೆಕಾಯಿ ಉಪ್ಪಿನಕಾಯಿ ಇಳಿಸಿದೆ. ಅವರು ನಮ್ಮದನ್ನು ಬಾಯಿಗಿಟ್ಟು ಒಂದು ಕಣ್ಣು ಮುಚ್ಚಿದರು. ನಾನು ಅವರದನ್ನು ಬಾಯಿಗಿಟ್ಟು ಎರಡೂ ಮುಚ್ಚಿದೆ. ಅಲ್ಲಿಂದ ಭರಣಿಯ ಮಾತು ಶುರುವಾಯಿತು. ಅವರ ಕಡೆ ಭರಣಿ ಬಿಸಿಲಿನಲ್ಲಿ ಅಂಗಳದಲ್ಲಿಡುತ್ತಾರಂತೆ, ನಮ್ಮ ಕಡೆ ಕತ್ತಲೆ ಕೋಣೆಯಲ್ಲಿ. ಅವರಮ್ಮ ದಿನಾ ಬೆಳಿಗ್ಗೆ ಭರಣಿಗಳನ್ನು ಒರೆಸುತ್ತಿದ್ದಳಂತೆ, ನಮ್ಮಮ್ಮ ಮಡಿಯಲ್ಲಲ್ಲದೆ ಮುಟ್ಟಗೊಡುತ್ತಿರಲಿಲ್ಲ. ಒದ್ದೆ ಕೈ ಹಾಕಿದರೆ ಕೆಡುತ್ತದೆ ಎನ್ನುವಲ್ಲಿ ಮಾತ್ರ ಎರಡೂ ದೇಶಗಳಿಗೆ ಒಮ್ಮತವಿತ್ತು. ಅನನ್ಯ ಮೂರು ಭಾಷೆಯಲ್ಲಿ ಬೆವರುತ್ತಿದ್ದಳು.

"ಅಜ್ಜಿ, ಯುವರ್ ಫೋಟೋ?" ಎಂದಳು ಕೊನೆಗೆ.

ಎದ್ದು ಬಚ್ಚಲ ಬಾಗಿಲು ತಳ್ಳಿದೆ. ಕನ್ನಡಕ ಮಂಜಾಯಿತು.

ಬಚ್ಚಲಲ್ಲಿ ಹಬೆ! ರಮೇಶನ ಮಾತು ಆಗ ನೆನಪಾಯಿತು, ಒಬ್ಬರ ಸ್ನಾನಕ್ಕಷ್ಟೇ. ನನ್ನ ನೂಲಿನಷ್ಟು ಧಾರೆ ಗೀಸರನ್ನು ಪೂರ್ತಿ ಕುಡಿದು, ಟೆರೇಸಿನ ಎಸರನ್ನು ಕೆಳಗಿಳಿಸಿತ್ತು. ಗಾಜಿನ ಚೂರುಗಳು ಬಿಟ್ಟು ಒಂದು ಕಡೆ ಸರಿದಿದ್ದವು. ಟ್ರೇಯಲ್ಲಿ ಅಕ್ಕಿ ತೊಳೆದಂಥ ಬೂದು ನೀರು. ಫೋಟೋದ ಮೇಲಿನ ಪದರವೆಲ್ಲ ಕರಗಿ ಹರಿದುಹೋಗುತ್ತಿತ್ತು.

ಕುವೈತ್‌ನಲ್ಲಿ ಎರಡನೇ ಸಲ ಕಿರುಚಿದೆ. ಈ ಸಲ ಈಜಿಪ್ಟಿನವರು ಬಾಗಿಲು ತೆರೆಯಲಿಲ್ಲ, ಅಭ್ಯಾಸವಾಗಿತ್ತೇನೋ.

"ಮೇಡಂ?" ಎಂದು ಚೋಯ್ ಅವರ ಹೆಜ್ಜೆ ಹತ್ತಿರ ಬಂತು. ನಾನು ಏನು ಮಾಡಿದೆ ಗೊತ್ತೇ? ಒಳಗಿನಿಂದ ಚಿಲಕ ಹಾಕಿಕೊಂಡೆ. ಅರವತ್ತೆಂಟು ವರ್ಷದ ಹೆಂಗಸು, ಪರರ ತಾಯಿಯ ಫೋಟೋ ಕೆಡಿಸಿ, ಕಳ್ಳಿಯ ಹಾಗೆ ಬಚ್ಚಲಲ್ಲಿ ಅವಿತುಕೊಂಡೆ. ನಾಚಿಕೆಗೆ ಕಣ್ಣಲ್ಲಿ ನೀರು ಬಂತು.

"ಅಜ್ಜಿ, ಆರ್ ಯು ಓಕೆ?"

"ಐಸ್ ತಾರೇ! ಮನೇಲಿರೋದೆಲ್ಲ ತಾ!" ಎಂದು ಚಿಲಕ ಸರಿಸಿ ಬಾಗಿಲ ಸಂದಿನಿಂದ ಕೈ ಚಾಚಿದೆ. ಐಸಿನ ಟ್ರೇ ಬಂತು, ಅದು ಮುಗಿದ ಮೇಲೆ ಫ್ರೀಜರಿನ ಬಟಾಣಿ ಪ್ಯಾಕೆಟ್ಟುಗಳು ಬಂದವು. ಮತ್ತೆ ಚಿಲಕ ಹಾಕಿ, ನಲ್ಲಿ ನಿಲ್ಲಿಸಿ, ಐಸು ಸುರಿದು, ಫೋಟೋ ಸುತ್ತ ಬಟಾಣಿ ಜೋಡಿಸಿ, ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿದೆ.

ಮೇಲ್ಪದರ ಗಟ್ಟಿಯಾಗಿತ್ತು! ಜಾರಿರಲಿಲ್ಲ, ಗುಳ್ಳೆ ಎದ್ದಿರಲಿಲ್ಲ. ಆ ಪ್ರಿಂಟ್ ಮಾಡಿದ ಪುಣ್ಯಾತ್ಮ ಬಿಸಿಗೆ ಬಗ್ಗದಂತೆ ಪಟಿಕದ ನೀರಿನಲ್ಲಿ ಚೆನ್ನಾಗಿ ಗಟ್ಟಿ ಮಾಡಿದ್ದ. ನಾವೂ ಹಾಗೇ ಮಾಡುತ್ತಿದ್ದೆವು. ಹಾಗಾದರೆ ಕರಗಿದ್ದೇನು? ಬೂದು ನೀರನ್ನು ಬೆರಳಿಗೆ ಹಚ್ಚಿ ಉಜ್ಜಿ ನೋಡಿದೆ. ನುಣುಪು, ಅಂಟು. ಎಷ್ಟು ವರ್ಷ ಕಲಸಿದ್ದೇನೆ, ನನಗೆ ಗೊತ್ತಾಗದೇ? ಬಣ್ಣ. ಟಚಿಂಗ್ ಬಣ್ಣ!

ಬೂದು ನೀರು ಚೆಲ್ಲಿ, ಐಸ್ ನೀರಿನಲ್ಲಿ ಜಾಲಾಡಿ, ಫೋಟೋವನ್ನು ಬೆಳಕಿಗೆ ಹಿಡಿದೆ. ಗೋಡೆ ಹೋಗಿತ್ತು. ಗೋಡೆ ಯಾವತ್ತೂ ಇರಲೇ ಇಲ್ಲ. ಅಲ್ಲೊಂದು ಹುಲ್ಲಿನ ಬೇಲಿ, ಬೇಲಿಯ ಮುಂದೆ ನಾಲ್ವರು ಹೆಂಗಸರು. ಮೂವರು ಹೀರೋಯಿನ್ ಕಡೆ ನೋಡುತ್ತಿದ್ದಾರೆ. ನಾಲ್ಕನೆಯವಳು ಭರಣಿಗಳ ಪಕ್ಕದಲ್ಲಿ, ತಲೆಗೆ ಬಿಳಿ ಬಟ್ಟೆ ಕಟ್ಟಿ, ಭರಣಿಯ ಮುಚ್ಚಳದ ಮೇಲೆ ಕೈಯಿಟ್ಟು, ನೆಟ್ಟಗೆ ಕ್ಯಾಮೆರಾ ನೋಡುತ್ತಿದ್ದಾಳೆ.

ನಲವತ್ತು ವರ್ಷ ನಾನೇ ಇಂಥ ಗೋಡೆ, ಪರದೆ ಬಳಿದವಳು. ಆ ಗೋಡೆ ನೋಡಿದಾಗ ನನಗೆ ಹೊಳೆಯಲಿಲ್ಲವಲ್ಲ, ನನ್ನ ಕಣ್ಣಿಗಿಷ್ಟು!

ಚಿಲಕ ತೆಗೆದೆ. ಚೋಯ್ ಅವರು ಬಾಗಿಲಲ್ಲೇ ನಿಂತಿದ್ದರು, ಮುಖ ಬಿಳಿಚಿತ್ತು. ನನ್ನ ಸೆರಗೆಲ್ಲ ಒದ್ದೆ, ಕಾಲ ಬಳಿ ಬಟಾಣಿ, ಹಿಂದಿ ಪೂರ್ತಿ ಮರೆತುಹೋಗಿತ್ತು. ಟ್ರೇಯನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿದೆ. ನೆನಪಿಗೆ ಬಂದದ್ದು ಅವರದೇ ಮಾತು.

"ಪೀಛೆ ದೇಖೋ" ಎಂದೆ.

ಅವರು ನೋಡಿದರು. ಅವರ ಬೆರಳು ಟ್ರೇಯ ಮೇಲೆ ಬಂದು, ಮುಟ್ಟದೆ, ಆ ನಾಲ್ಕನೆಯವಳ ಮೇಲೆ ನಿಂತಿತು. ತಾಯಿ ಬೆರಳಿಡುತ್ತಿದ್ದ ಜಾಗ. ಬಾಯಿಂದ ಒಂದೇ ಒಂದು ಮಾತು ಬಂತು. ಅದನ್ನು ಅನನ್ಯ ನನಗೆ ಹೇಳಿಕೊಡಬೇಕಾಗಿರಲಿಲ್ಲ.

ಬುಧವಾರ, ಹಾಲು

ಅವರು ಸುಧಾರಿಸಿಕೊಂಡ ಮೇಲೆ, "ಕ್ಯೋಂ?" ಎಂದರು. ಯಾಕೆ ಮುಚ್ಚಿದರು?

ಉತ್ತರ ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ. ಅನನ್ಯಾಳನ್ನು ಪಕ್ಕಕ್ಕೆ ಕೂರಿಸಿಕೊಂಡು, "ನೆಟ್ಟಗೆ ಹೇಳು, ಸೀರಿಯಲ್ ಭಾಷೆ ಬೇಡ" ಎಂದು ತಾಕೀತು ಮಾಡಿ ಬಿಡಿಸಿ ಹೇಳಿದೆ. ಹಿಂದೆ ನಿಂತವರು ಕ್ಯಾಮೆರಾ ನೋಡಬಾರದು. ನೋಡಿದರೆ ನೋಡುವವರ ಕಣ್ಣು ಹೀರೋಯಿನ್ ಬಿಟ್ಟು ಅವರ ಕಡೆ ಹೋಗುತ್ತದೆ. ಅಮ್ಮ ನೋಡಿಬಿಟ್ಟಿದ್ದಾಳೆ. ಅವಳೊಬ್ಬಳನ್ನೇ ಅಳಿಸಿದರೆ ತೇಪೆ ಕಾಣುತ್ತದೆಂದು ನಾಲ್ವರ ಮೇಲೂ ಗೋಡೆ ಎಳೆದಿದ್ದಾರೆ.

ಆಮೇಲೆ ಹೇಳದೆ ಇರಲಾಗಲಿಲ್ಲ. "ನನ್ನ ಕೈಗೆ ಈ ಫೋಟೋ ಬಂದಿದ್ರೂ ಹೀಗೇ ಮಾಡ್ತಿದ್ದೆ ಅಂತ ಹೇಳೇ. ಎಷ್ಟೋ ಜನಕ್ಕೆ ಮಾಡಿದೀನಿ."

ಅನನ್ಯ ಹೇಳಿದಳು. ಚೋಯ್ ಅವರು ನನ್ನನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಅವರು ನಗತೊಡಗಿದರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡು ಏನೋ ಹೇಳಿದರು. ತಾಯಿ ಮನೆಗೆ ಬಂದು ಹೇಳಿದ್ದಳಂತೆ, "ಮಿಕ್ಕ ಮೂವರಿಗೆ ಶಿಸ್ತೇ ಇಲ್ಲ, ಅತ್ತ ಇತ್ತ ನೋಡುತ್ತಿದ್ದರು. ನಾನೊಬ್ಬಳೇ ನೆಟ್ಟಗೆ ನಿಂತಿದ್ದೆ."

ಅಷ್ಟು ಹೊತ್ತಿಗೆ ಸುಮಾ, ರಮೇಶ ಕೆಲಸದಿಂದ ಬಂದರು. ಬಂದವರಿಗೆ ಕಂಡದ್ದು ಊಟದ ಮೇಜಿನ ಮೇಲೆ ಕೇಕಿನ ಟ್ರೇ, ನೆಲದ ಮೇಲೆಲ್ಲ ನೀರು, ಒದ್ದೆ ಸೀರೆಯ ನಾನು. ಚೋಯ್ ಅವರು ಅಂಗಿಯ ಗುಂಡಿ ಸರಿಮಾಡಿಕೊಂಡು, ಮೇಜಿನ ಮುಂದೆ ನಿಂತು, ಎರಡೂ ಕೈ ಹಣೆಗೆ ತಂದು, ಮಂಡಿಯೂರಿ, ಹಣೆ ನೆಲಕ್ಕೆ ಮುಟ್ಟುವಂತೆ ಬಾಗಿದರು. ಹಿರಿಯರಿಗೆ ಮಾಡುವ ನಮಸ್ಕಾರ ಅದು. ನಮ್ಮ ಉದ್ದಂಡ ನಮಸ್ಕಾರಕ್ಕೆ ಸ್ವಲ್ಪ ಕಡಿಮೆ, ಆದರೆ ಅವರಷ್ಟು ನಿಧಾನವಾಗಿ ನಾವು ಮಾಡುವುದಿಲ್ಲ. ಏನೊಂದೂ ಗೊತ್ತಿಲ್ಲದ ರಮೇಶ ಲಂಚ್ ಬಾಕ್ಸ್ ಹಿಡಿದ ಕೈಯನ್ನೇ ಜೋಡಿಸಿಕೊಂಡು ನಿಂತ.

ಏಳುವಾಗ ಚೋಯ್ ಅವರ ಮಂಡಿ ಲಟಲಟ ಎಂದಿತು. ಸುಮಾ ಓಡಿಹೋಗಿ ಕೈ ಕೊಟ್ಟಳು.

ರಿಗ್ಗೈ, ನಾನು ಹೊರಡುವ ಹಿಂದಿನ ದಿನ

ಶುಕ್ರವಾರ ಅವರು ಹೋದರು. ಫೋಟೋ ಬ್ಲಾಟಿಂಗ್ ಪೇಪರಿನ ನಡುವೆ, ಅನನ್ಯಾಳ ಡ್ರಾಯಿಂಗ್ ಹಲಗೆಗೆ ಕಟ್ಟಿ, ಎದೆಗವಚಿಕೊಂಡು. ಲಿಫ್ಟಿನ ಬಾಗಿಲಲ್ಲಿ ಅನನ್ಯ ಕೊರಿಯನ್‌ನಲ್ಲಿ "ನನ್ನನ್ನು ಹೀಗೆ ಬಿಟ್ಟು ಹೋಗಬೇಡಿ" ಎಂದಳು. ಈ ಸಲ ಅದು ಸರಿಯಾದ ಮಾತೇ ಆಗಿತ್ತು. ಇಬ್ಬರೂ ಅತ್ತರು.

ಎರಡು ವಾರದ ಮೇಲೆ, ನಾನು ಪೆಟ್ಟಿಗೆ ಕಟ್ಟುತ್ತಿದ್ದಾಗ, ಅನನ್ಯ ಫೋನು ಹಿಡಿದು ಓಡಿ ಬಂದಳು. ಚೋಯ್ ಅವರ ಮೆಸೇಜು. ಅಣ್ಣ ವಿಮಾನ ನಿಲ್ದಾಣಕ್ಕೆ ಬಂದಿದ್ದನಂತೆ. ಅಲ್ಲಿಯೇ ಕಟ್ಟು ಬಿಚ್ಚಿ ತೋರಿಸಿದರಂತೆ. ಅಣ್ಣ ಫೋಟೋ ನೋಡಿ, ಕೂತಲ್ಲಿಂದ ಎಲ್ಲರೆದುರಿಗೆ ಎದ್ದು ನಿಂತನಂತೆ, ಚಿಕ್ಕವನಿದ್ದಾಗ ಗೇಲಿಗೆ ನಿಲ್ಲುತ್ತಿದ್ದ ಹಾಗೆಯೇ. ಗೇಲಿಗಲ್ಲ. ಸ್ಟಿಲ್ ಕೇಳಿದ್ದವರು ಅದನ್ನು ಗೋಡೆಗೆ ಹಾಕಿದ್ದರು, ಅದರ ಚಿತ್ರವೂ ಬಂದಿತ್ತು. ಕೆಳಗಿನ ಚೀಟಿಯನ್ನು ಅನನ್ಯ ಓದಿ ಹೇಳಿದಳು. ಮೊದಲು ಹೀರೋನ ಹೆಸರು, ಆಮೇಲೆ ಹೀರೋಯಿನ್ ಹೆಸರು. ಕೊನೆಗೆ, "ಭರಣಿಗಳ ಪಕ್ಕ, ನಮ್ಮನ್ನು ನೋಡುತ್ತಿರುವವರು: ಸುಂಜಾ."

ಪಕ್ಕದಲ್ಲಿ ಕೇಳುತ್ತಿದ್ದ ಸುಮಾ ಟಿವಿಯ ಮೇಲ್ಗಡೆಯ ಗೋಡೆ ನೋಡುತ್ತಿದ್ದಳು.

"ದೊಡ್ಡಮ್ಮ, ಆ ಪರದೆ ಹಿಂದೆ ಯಾರಿದಾರೆ?"

"ಚಂದ್ರು ಚಿಕ್ಕಪ್ಪ ಕಣೇ. ಕಾಫಿ ಕೊಡ್ಲಿಲ್ಲ ಅಂತ ಜಗಳ ಮಾಡ್ಕೊಂಡು ಹೋದ್ರಲ್ಲ, ಅವರು."

"ಪಾಪ, ಕೊಡಬಾರದಾಗಿತ್ತಾ ಒಂದು ಲೋಟ?"

ನಾನು ಕುರ್ಚಿ ಹಾಕಿಕೊಂಡು ಫೋಟೋ ಇಳಿಸಿದೆ. ಫ್ರೇಮು ಬಿಚ್ಚಿದೆ. ಕೇಕಿನ ಟ್ರೇ ಎಲ್ಲಿದೆಯೆಂದು ನಾನು ಕೇಳುವ ಮುಂಚೆಯೇ ಸುಮಾ ತಂದುಕೊಟ್ಟಳು. ಈ ಪ್ರಿಂಟಿಗೆ ಪಟಿಕ ಹಾಕಿ ಗಟ್ಟಿ ಮಾಡಿದವಳು ನಾನೇ, ಅದರ ಭಯವಿರಲಿಲ್ಲ. ಪರದೆಯನ್ನು ಬರೆದ ದಿನ ಎಷ್ಟು ಚೆನ್ನಾಗಿದೆ ಎಂದು ಅಪ್ಪ ಬೆನ್ನು ತಟ್ಟಿದ್ದು ನೆನಪಾಯಿತು. ಟ್ರೇಯನ್ನು ಟಬ್ಬಿನಲ್ಲಿಟ್ಟು, ಸೆರಗು ಸಿಕ್ಕಿಸಿಕೊಂಡು, ಈ ಸಲ ಬೇಕೆಂದೇ ನೀಲಿ ನಲ್ಲಿ ತಿರುಗಿಸಿದೆ.

ಹಬೆ ಎದ್ದಿತು. ನೆರಿಗೆಗಳು ಒಂದೊಂದಾಗಿ ಬಿಟ್ಟು ಬೂದು ನೀರಾಗಿ ಹರಿದವು. ಸುಮಾ, ಅನನ್ಯ ನನ್ನ ಎರಡೂ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದರು. ಮುಖ ಬರಲು ಇನ್ನೂ ಹೊತ್ತಿತ್ತು. ಮೊದಲು ಕಂಡದ್ದು ಒಂದು ಕೈ, ಕೈಯಲ್ಲಿ ಕಾಫಿ ಲೋಟ.